ಮೂರನೆಯ ದಿನದ ಬಣ್ಣ

ಬೀಗದ ಕೈ ಜೇಬಿನಲ್ಲೇ ಇದ್ದರೂ ಮುನಿವೆಂಕಟಯ್ಯ ಅದನ್ನು ಹುಡುಕುವವನಂತೆ ಮೊಟ್ಟೆ ಕೋಣೆಯ ಬಾಗಿಲ ಮುಂದೆ ನಿಂತಿದ್ದ. ಯಾರೂ ನೋಡುತ್ತಿರಲಿಲ್ಲ. ಆದರೂ ಒಂದು ಜೇಬಿನಿಂದ ಇನ್ನೊಂದಕ್ಕೆ ಕೈ ಹಾಕಿದ, ಷರಟಿನ ಮೇಲ್ಜೇಬು ತಟ್ಟಿ ನೋಡಿದ, ಥೂ ಎಂದುಕೊಂಡ. ಹೆಬ್ಬಾಳದ ಕೆರೆ ಏರಿ ಇಳಿದು ಬಳ್ಳಾರಿ ರಸ್ತೆ ಸೇರುವ ಕಡೆ ಇರುವ ಆ ಉದ್ದನೆಯ ಹೆಂಚಿನ ಕಟ್ಟಡಕ್ಕೆ ಕಾಗದದ ಮೇಲೆ ರೇಷ್ಮೆ ಬಿತ್ತನೆ ಕೋಠಿ ಎಂದು ಹೆಸರು. ಸುತ್ತಲ ಹಳ್ಳಿಯವರಿಗೆ ಅದು ಮೊಟ್ಟೆ ಆಫೀಸು. ಹುಳು ಸಾಕುವ ರೈತರು ಮೊಟ್ಟೆ ಅಂಟಿದ ಹಾಳೆಗಳನ್ನು ಇಲ್ಲಿಂದಲೇ ಒಯ್ಯಬೇಕು. ಅಮೃತಹಳ್ಳಿಯಲ್ಲಿ ಬಿ.ಎಸ್ಸಿ. ಪಾಸು ಮಾಡಿದ ಮೊದಲನೆಯವನು ಅವನು, ಇಲ್ಲಿ ಅಸಿಸ್ಟೆಂಟು, ಈ ಕೋಣೆಯ ಬೀಗದ ಕೈ ಅವನದು. ಒಳಗಿರುವುದು ಸೋಮವಾರ ಇಡಿಸಿದ ಮೊಟ್ಟೆ. ಇವತ್ತು ಗುರುವಾರ. ಮೂರನೆಯ ದಿನಕ್ಕೆ ಮೊಟ್ಟೆ ತನ್ನ ಬಣ್ಣ ಹೇಳಿಬಿಡುತ್ತದೆ. ತೆಳು ಹಳದಿಯಾಗೇ ಉಳಿದರೆ ಇನ್ನೊಂದು ವಾರಕ್ಕೆ ಒಡೆದು ಹುಳು ಹರಿದಾಡುತ್ತದೆ. ಕಂದಿ ಕಪ್ಪಗಾದರೆ ಮಲಗಿತು ಎಂದು ಅರ್ಥ, ತಿಂಗಳುಗಟ್ಟಲೆ ಏಳುವುದಿಲ್ಲ. ನಿನ್ನೆ ಸಂಜೆ ಬೀಗ ಹಾಕುವಾಗ ಮೊಟ್ಟೆಗಳ ಅಂಚಿನಲ್ಲಿ ಸಣ್ಣಗೆ ಕೆಂಪು ತಿರುಗಿದ್ದನ್ನು ಅವನು ನೋಡಿದ್ದ. ದೀಪದ ಬೆಳಕಿಗೆ ಹಾಗೆ ಕಂಡಿರಬೇಕೆಂದು ತನಗೆ ತಾನೇ ಹೇಳಿಕೊಂಡು ಮನೆಗೆ ಹೋಗಿದ್ದ.

ಬಾಗಿಲು ತೆಗೆದ. ದೀಪ ಹಾಕಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ, ಕಿಟಕಿಯಿಂದ ಬರುತ್ತಿದ್ದ ಬೆಳಗಿನ ಬೆಳಕಿಗೇ ಸಾಲು ಸಾಲು ಹಾಳೆಗಳ ಮೇಲೆ ಎಲ್ಲವೂ ರಾಗಿ ಚೆಲ್ಲಿದಂತೆ ಕಪ್ಪಾಗಿದ್ದವು. ಒಂದೇ ಒಂದು ಹಾಳೆಯಾದರೂ ಹಳದಿ ಇರಬಹುದು ಎಂದು ಕೊನೆಯ ಸ್ಟ್ಯಾಂಡಿನವರೆಗೆ ಹೋಗಿ ನೋಡಿದ. ಇರಲಿಲ್ಲ. ಎದೆ ಧಸಕ್ಕೆನ್ನಬೇಕಾಗಿತ್ತು, ಅನ್ನಲಿಲ್ಲ. ನಾಲಿಗೆ ಮಾತ್ರ ಬಾಯೊಳಗೆ ದಪ್ಪಗಾಗಿ ಮಲಗಿತು. ಇದು ಅವನಿಗೆ ಹೊಸದಲ್ಲ. ಮಿಡ್ಲಿಸ್ಕೂಲಿನಲ್ಲಿ ಇನ್ನೊಬ್ಬರ ತಪ್ಪಿಗೆ ಮೇಷ್ಟರು ಅವನ ಮೇಲೆ ಬೆತ್ತ ಎತ್ತಿದಾಗ ಹೀಗಾಗಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಕೃಷ್ಣಮ್ಮನ ತೌರಿನವರನ್ನು ಸೋದರತ್ತೆ ಎಲ್ಲರ ಎದುರಿಗೆ ಎತ್ತಿ ಆಡಿದಾಗ ಹೀಗಾಗಿತ್ತು; ಅವನು ತಲೆ ಬಗ್ಗಿಸಿ ಮುದ್ದೆ ನುಂಗುತ್ತಾ ಕೂತಿದ್ದ, ಕೃಷ್ಣಮ್ಮ ಬಾಗಿಲ ಹಿಂದೆ ನಿಂತು ಅವನ ಬಾಯಿಯನ್ನೇ ನೋಡುತ್ತಿದ್ದಳು. ಹೆದರಿಕೆಯಾದಾಗ ಬೇರೆಯವರು ಕೂಗುತ್ತಾರೆ, ಓಡುತ್ತಾರೆ, ಸುಳ್ಳಾದರೂ ಹೇಳುತ್ತಾರೆ. ಅವನು ಸುಮ್ಮನಾಗುತ್ತಾನೆ. ಅಮ್ಮನ ಹಾಗೆ.

ಅಮ್ಮನಿಗೆ ಊರಲ್ಲಿ ಮೂಗಿ ಯಲ್ಲಮ್ಮ ಅಂತಲೇ ಹೆಸರು. ಮೂಗಿಯಲ್ಲ, ಬೇಕಾದಷ್ಟಕ್ಕೆ ಆಡುತ್ತಾಳೆ: ನೀರು ಕಾದೈತೆ, ಅಸ ಕಟ್ಟು, ಉಣ್ಣು. ದನಗಳ ಜೊತೆ ಅದಕ್ಕಿಂತ ನಾಲ್ಕು ಮಾತು ಹೆಚ್ಚು. ಅಪ್ಪ ಚಿಕ್ಕಬೈರಪ್ಪ ನಾಲ್ಕು ಹಳ್ಳಿಯ ನ್ಯಾಯ ತೀರಿಸುತ್ತಿದ್ದ ಮಾತುಗಾರ, ಅವನು ಜಗಲಿಯ ಮೇಲೆ ಕೂತರೆ ಕಲ್ಲೂ ಕೇಳಬೇಕು ಎನ್ನುತ್ತಿದ್ದರು. ಅವನು ಸತ್ತು ಆರು ವರ್ಷವಾಯಿತು. ಅಂಥವನ ಹೊಟ್ಟೆಯಲ್ಲಿ ಇಂಥವನು ಹೇಗೆ ಹುಟ್ಟಿದ ಎಂದು ಜನ ಆಡಿಕೊಂಡಾಗ ಮುನಿವೆಂಕಟಯ್ಯನಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಾಗಿದ್ದು ಕಾಲೇಜಿನಲ್ಲಿ, ರೇಷ್ಮೆಹುಳುವಿನ ಪಾಠದಲ್ಲಿ. ಮೈಸೂರು ತಳಿಯ ಹೆಣ್ಣು, ಜಪಾನ್ ತಳಿಯ ಗಂಡು, ಇವೆರಡರ ಬೆರಕೆ ಮಾಡಿದರೆ ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ಅದನ್ನೇ ತಿರುಗಾಮುರುಗಾ ಮಾಡಿ, ಜಪಾನಿನ ಹೆಣ್ಣಿಗೆ ಮೈಸೂರಿನ ಗಂಡು ಕೂಡಿಸಿದರೆ ಮೊಟ್ಟೆ ಮಲಗಿಬಿಡುತ್ತದೆ. ಒಳಗಿನ ಮರಿಯ ರಕ್ತ ಎರಡು ಕಡೆಯೂ ಒಂದೇ, ಅರ್ಧ ಅದು ಅರ್ಧ ಇದು. ಆದರೆ ಮಲಗಬೇಕೋ ಏಳಬೇಕೋ ಎಂದು ಗೊತ್ತುಮಾಡುವುದು ಮರಿಯಲ್ಲ, ಅದರ ಅಪ್ಪನೂ ಅಲ್ಲ. ತಾಯಿ ತನ್ನ ಹೊಟ್ಟೆಯಲ್ಲೇ ಅದನ್ನು ತೀರ್ಮಾನ ಮಾಡಿ ಮೊಟ್ಟೆ ಹೊರಗೆ ಹಾಕುತ್ತಾಳೆ. ಅಪ್ಪನದು ಎಲ್ಲಿಗೂ ಹೋಗಿರುವುದಿಲ್ಲ, ಮರಿಯೊಳಗೆ ಅಡಗಿದ್ದು, ಆ ಮರಿ ಹೆಣ್ಣಾಗಿ ಬೆಳೆದು ತಾನು ಮೊಟ್ಟೆಯಿಡುವಾಗ ಎದ್ದು ಬರುತ್ತದೆ, ಒಂದು ತಲೆಮಾರು ತಡವಾಗಿ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹಳ್ಳಿಯಲ್ಲಿ ಅನ್ನುವುದನ್ನೇ ಮೇಷ್ಟರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಅವತ್ತು ಅವನಿಗೆ ಭಯವೂ ಆಯಿತು, ಒಂದು ಥರದ ನಿರಾಳವೂ ಆಯಿತು. ತನ್ನ ಬಾಯಿ ಕಟ್ಟುವುದು ತನ್ನ ತಪ್ಪಲ್ಲ. ತಾನು ಹುಟ್ಟುವ ಮೊದಲೇ ಅಮ್ಮ ಅದನ್ನು ಗೊತ್ತುಮಾಡಿದ್ದಾಳೆ. ಹುಳುವಿನ ಪಾಠ ಮನುಷ್ಯರಿಗೆ ಹೊಂದುವುದಿಲ್ಲ ಎಂದು ಮೇಷ್ಟರು ಹೇಳಿದ್ದನ್ನು ಅವನು ನೋಟ್ಸಿನಲ್ಲಿ ಬರೆದುಕೊಳ್ಳಲಿಲ್ಲ.

ಹೊರಗೆ ಹೆಂಗಸರು ಬಂದು ಚಾಪೆ ಹಾಸುತ್ತಿದ್ದ ಸದ್ದು ಕೇಳಿಸಿತು. ಅವರಲ್ಲಿ ಸೊಣ್ಣಮ್ಮನ ಕೆಮ್ಮು ಬೇರೆಯಾಗಿ ತಿಳಿಯುತ್ತಿತ್ತು. ಹದಿಮೂರು ವರ್ಷದಿಂದ ಅವಳು ಇಲ್ಲಿ ಗಂಡು ಹೆಣ್ಣು ಬೇರ್ಪಡಿಸುವವಳು. ಗೂಡು ಕತ್ತರಿಸಿ ಒಳಗಿನ ಕಂದು ಕೋಶವನ್ನು ಹೊರಗೆ ತೆಗೆದು ಅದರ ಬಾಲದ ತುದಿ ನೋಡಿ ಹೇಳಬೇಕು. ಹೆಣ್ಣಿಗೆ ಅಲ್ಲಿ ಕತ್ತರಿಯಂಥ ಸಣ್ಣ ಗೆರೆ, ಗಂಡಿಗೆ ಒಂದು ಚುಕ್ಕೆ. ಬಿ.ಎಸ್ಸಿ. ಓದಿ ಬಂದ ಮೊದಲ ವಾರ ಅವನಿಗೆ ಅದು ಕಾಣಿಸುತ್ತಲೇ ಇರಲಿಲ್ಲ. ಬೇರೆ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರೆ ಇವಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆಳಕಿಗೆ ಇಂಗೆ ತಿರುಗ್ಸಿ ನೋಡಿ ಸಾಮಿ, ಅವಸರ ಮಾಡ್ಬ್ಯಾಡಿ ಎಂದು ಹೇಳಿಕೊಟ್ಟಿದ್ದಳು. ಆಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಅದೇ ಅವನಿಗೆ ಸಹಿಸಲಿಕ್ಕೆ ಆಗದ ಉಪಕಾರವಾಗಿ ಉಳಿದಿತ್ತು.

ಗೂಡು ಇದ್ದಾಗ ತಳಿ ಗುರುತು ಸುಲಭ, ಮೈಸೂರಿನದು ಹಳದಿ, ಜಪಾನಿನದು ಬಿಳಿ. ಗೂಡು ಕತ್ತರಿಸಿ ಬಿಸಾಕಿದ ಮೇಲೆ ಎಲ್ಲ ಕೋಶವೂ ಒಂದೇ ಕಂದು, ಅವುಗಳಿಂದ ಬರುವ ಚಿಟ್ಟೆಯೂ ಒಂದೇ ಬಿಳುಪು. ಆಮೇಲೆ ತಟ್ಟೆಗೆ ಸಿಕ್ಕಿಸಿದ ಚೀಟಿಯೇ ಗತಿ. ಮೊಟ್ಟೆ ಇಡಿಸುವ ಹಿಂದಿನ ದಿನ, ಭಾನುವಾರ ಸಂಜೆ, ಕೋಶದ ತಟ್ಟೆಗಳಿಗೆ ಇರುವೆ ಹತ್ತಿದ್ದವು. ಆವತ್ತು ಬೆಳಿಗ್ಗೆ ಕೃಷ್ಣಮ್ಮನಿಗೆ ಸೊಂಟ ಹಿಡಿದು ಸ್ವಲ್ಪ ರಕ್ತ ಕಾಣಿಸಿತ್ತು, ಎಂಟು ತಿಂಗಳ ಬಸುರಿ. ಸೂಲಗಿತ್ತಿ ಬಂದು ಏನೂ ಇಲ್ಲ ಎಂದು ಹೋಗಿದ್ದಳು, ಆದರೆ ಏನೂ ಇಲ್ಲ ಎನ್ನುವಾಗ ಅವಳು ಅವನ ಮುಖ ನೋಡಿರಲಿಲ್ಲ. ಅವನು ಬೇಗ ಮನೆ ಸೇರಬೇಕೆಂದು ಚೀಟಿಗಳನ್ನೆಲ್ಲ ಕಿತ್ತು ಕೈಯಲ್ಲಿ ಹಿಡಿದು, ತಟ್ಟೆಗಳನ್ನು ಕೊಡವಿ, ಕಾಲಿಗೆ ನೀರಿನ ಬಟ್ಟಲಿಟ್ಟ ಇನ್ನೊಂದು ಸ್ಟ್ಯಾಂಡಿಗೆ ಸಾಗಿಸಿ, ಚೀಟಿಗಳನ್ನು ನೆನಪಿನ ಮೇಲೆ ಮತ್ತೆ ಸಿಕ್ಕಿಸಿದ. ಮೈಸೂರು ಎಂದು ಬರೆದದ್ದು ಜಪಾನಿಗೆ, ಜಪಾನ್ ಎಂದು ಬರೆದದ್ದು ಮೈಸೂರಿಗೆ. ಸೋಮವಾರ ಬೆಳಗಿನ ಜಾವ ಚಿಟ್ಟೆಗಳು ಹೊರಬಂದಾಗ, ಚೀಟಿಯ ಪ್ರಕಾರ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಹೊರಗೆ ಚೆಲ್ಲಬೇಕು ಎಂದು ಅವನೇ ಓದಿ ಹೇಳಿದ. ಸೊಣ್ಣಮ್ಮ ಒಂದು ಹೆಣ್ಣು ಚಿಟ್ಟೆಯನ್ನು ಅಂಗೈ ಮೇಲಿಟ್ಟು ತೂಗಿದಳು. ಇದು ನಮ್ ಅಳದಿ ಗೂಡಿಂದಲ್ಲ ಸಾಮಿ, ಇದ್ರ ವಟ್ಟೆ ಭಾರ, ಬಿಳೀದು ಇದು ಎಂದಳು. ಹತ್ತು ಜನ ಹೆಂಗಸರು ತಲೆ ಎತ್ತಿದರು. ಓದಕ್ಕೆ ಬರೋರು ಯಾರು ಇಲ್ಲಿ, ನೀನೋ ನಾನೋ, ಹೇಳಿದಷ್ಟು ಮಾಡು ಎಂದುಬಿಟ್ಟ. ಅವತ್ತು ಮಾತ್ರ ಅವನ ನಾಲಿಗೆ ಕಟ್ಟಲಿಲ್ಲ. ಅವಳು ಮಾಡಿದಳು, ಜಪಾನಿನ ಹೆಣ್ಣಿಗೆ ಮೈಸೂರಿನ ಗಂಡು ಕೂಡಿತು.

ಅದೇ ಸಂಜೆ ಸೈಕಲ್ಲಿನ ಮೇಲೆ ಕೆರೆ ಏರಿ ಹತ್ತುವಾಗ ಗೊತ್ತಾಯಿತು. ಜಕ್ಕೂರಿನ ಮೈದಾನದಿಂದ ಹಾರಿದ ಪುಟ್ಟ ವಿಮಾನವೊಂದು ತಲೆಯ ಮೇಲೆ ಕರಕರ ಎನ್ನುತ್ತಾ ತಿರುಗುತ್ತಿತ್ತು. ಅವನು ಒಂದು ಕಾಲು ಊರಿ ನಿಂತು ಅದನ್ನು ನೋಡುತ್ತಿರುವಾಗ, ಕೈಯಲ್ಲಿ ಚೀಟಿಗಳನ್ನು ಬೀಸಣಿಗೆಯಂತೆ ಹಿಡಿದುಕೊಂಡಿದ್ದು, ಮೇಲಿನದನ್ನು ಕೆಳಗಿನ ತಟ್ಟೆಗೆ ಸಿಕ್ಕಿಸಿದ್ದು ಕಣ್ಣಿಗೆ ಕಟ್ಟಿದಂತೆ ಬಂತು. ಆಗಲೂ ಕಾಲ ಮಿಂಚಿರಲಿಲ್ಲ. ಮೊಟ್ಟೆಯಿಟ್ಟ ಇಪ್ಪತ್ತು ಗಂಟೆಯೊಳಗೆ ಹಾಳೆಗಳನ್ನು ಆಸಿಡ್ ನೀರಿನಲ್ಲಿ ಹದವಾಗಿ ಅದ್ದಿದರೆ ಮಲಗುವ ಮೊಟ್ಟೆಯೂ ಏಳುತ್ತದೆ. ಆಸಿಡಿನ ಜಾಡಿ ಕೋಠಿಯ ಮೂಲೆಯಲ್ಲೇ ಇತ್ತು. ಮಂಗಳವಾರ ಬೆಳಿಗ್ಗೆ ಅವನು ಆ ಜಾಡಿಯ ಪಕ್ಕದಲ್ಲೇ ಕೂತು ತಾಯಿ ಪರೀಕ್ಷೆ ಮಾಡಿದ. ಮೊಟ್ಟೆಯಿಟ್ಟ ಹೆಣ್ಣು ಚಿಟ್ಟೆಯನ್ನು ಒರಳಲ್ಲಿ ಅರೆದು ಮೈಕ್ರೋಸ್ಕೋಪಿನಲ್ಲಿ ಗಂಟುರೋಗ ಇದೆಯೇ ಎಂದು ನೋಡಬೇಕು. ರೋಗ ಮರಿಗೆ ಇಳಿಯುವುದು ತಾಯಿಯಿಂದ, ಗಂಡನ್ನು ಯಾರೂ ನೋಡುವುದಿಲ್ಲ, ಅವುಗಳನ್ನು ಆಗಲೇ ಗುಡಿಸಿ ಹಾಕಿರುತ್ತಾರೆ. ಒಂದೊಂದು ತಾಯಿಯನ್ನು ಅರೆಯುವಾಗಲೂ ಅದರ ಹೊಟ್ಟೆ ಎಷ್ಟು ದೊಡ್ಡದಿತ್ತು ಎಂದು ಕೈಗೆ ತಿಳಿಯುತ್ತಿತ್ತು. ರೋಗವಿಲ್ಲ ಎಂದು ಒಂದೊಂದಕ್ಕೂ ಗುರುತು ಹಾಕಿದ. ಅನುಮಾನ ಅಷ್ಟೇ, ಖಾತ್ರಿಯಿಲ್ಲ, ಖಾತ್ರಿಯಿಲ್ಲದೆ ಸಾಹೇಬರ ಮುಂದೆ ಹೋಗಿ ಏನಂತ ಹೇಳುವುದು ಎಂದುಕೊಂಡ. ಮಧ್ಯಾಹ್ನ ಹನ್ನೆರಡು ಹೊಡೆಯಿತು, ಆಸಿಡಿನ ಗಡುವು ಮುಗಿಯಿತು. ಹನ್ನೆರಡು ಹೊಡೆದ ಮೇಲೆ ಅವನಿಗೆ ಊಟ ಸೇರಿತು.

ಸೂಪರಿಂಟೆಂಡೆಂಟ್ ವೆಂಕಟರಾಮಯ್ಯನವರು ಒಂಬತ್ತಕ್ಕೆ ಬಂದು ಹಾಳೆಗಳನ್ನು ನೋಡಿದರು. ಕೂಗಾಡುವ ಮನುಷ್ಯರಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿ, ಮತ್ತೆ ಹಾಕಿಕೊಂಡು ಇನ್ನೊಂದು ಸಲ ನೋಡಿ, ತಿರುಗಾಮುರುಗಾ ಮಾಡಿಬಿಟ್ಟಿದ್ದಾರೆ ಎಂದರು. ಬೇರ್ಪಡಿಸಿದ್ದು ಯಾರು, ಸೊಣ್ಣಮ್ಮ ತಾನೇ ಎಂದು ಅವನನ್ನೇ ಕೇಳಿದರು. ಹೂಂ ಸಾರ್ ಎಂದ. ಅದು ನಿಜ. ಬೇರ್ಪಡಿಸಿದವಳು ಸೊಣ್ಣಮ್ಮನೇ. ಅಷ್ಟು ಅಚ್ಚುಕಟ್ಟಾದ ನಿಜವನ್ನು ತಾನು ಜನ್ಮದಲ್ಲಿ ಹೇಳಿರಲಿಲ್ಲ ಎಂದು ಅನ್ನಿಸಿ ಕಿವಿ ಬಿಸಿಯಾಯಿತು. ಅವಳನ್ನು ಕರೆಸಿದರು. ಚೀಟಿ ನೋಡಿ ಮಾಡಿದೆಯಾ ಎಂದರು. ನೋಡೇ ಮಾಡಿದ್ದು ಸಾಮಿ ಎಂದಳು. ನಿನಗೆ ಓದೋದಕ್ಕೆ ಬರುತ್ತಾ ಎಂದರು. ಇಲ್ಲ ಎಂದಳು. ಮತ್ತೆ ಅದೇನು ನೋಡಿದೆ ಎಂದಾಗ ಬಾಗಿಲ ಬಳಿ ನಿಂತಿದ್ದ ಒಬ್ಬಳು ಕಿಸಕ್ಕೆಂದು ನಕ್ಕಳು. ಸೊಣ್ಣಮ್ಮ ನಗಲಿಲ್ಲ, ಅಳಲೂ ಇಲ್ಲ. ಮುನಿವೆಂಕಟಯ್ಯನನ್ನು ಒಂದು ಸಲ ನೋಡಿದಳು. ಅದರಲ್ಲಿ ಸಿಟ್ಟು ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅದು ಕಾಯುವ ನೋಟ, ಕೋಶ ಕೈಯಲ್ಲಿ ಕೊಟ್ಟು, ಅವಸರ ಮಾಡ್ಬ್ಯಾಡಿ ಎಂದು ಪಕ್ಕದಲ್ಲಿ ಕೂತಿದ್ದಾಗ ನೋಡುತ್ತಿದ್ದಂಥದು. ಅವನು ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆಗೆ ಮುಖ ಮಾಡಿದ. ನಾಳೆ ಬೆಳಿಗ್ಗೆ ಎಲ್ಲರ ಹೇಳಿಕೆ ಬರೆದುಕೊಂಡು ಅವಳನ್ನು ಕೆಲಸದಿಂದ ಬಿಡಿಸಿಬಿಡುತ್ತೇನೆ, ಈ ವಯಸ್ಸಿಗೆ ಕಣ್ಣು ಮಂಜಾಗಿರುತ್ತೆ, ಇಟ್ಟುಕೊಂಡಿದ್ದೇ ತಪ್ಪು ಎಂದು ಸಾಹೇಬರು ಹೇಳಿದರು. ಕಣ್ಣಿನ ಮಾತು ಒಂದು ಸಲ ಹೊರಬಿದ್ದರೆ ಸುತ್ತಿನ ಯಾವ ಕೋಠಿಯಲ್ಲೂ ಅವಳನ್ನು ಚಾಪೆಯ ಮೇಲೆ ಕೂರಿಸುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಧ್ಯಾಹ್ನ ಮಾಕಳಿಯ ಲಕ್ಕಣ್ಣ ಮೊಟ್ಟೆ ಹಾಳೆ ಒಯ್ಯಲು ಬುಟ್ಟಿ, ಒದ್ದೆ ಬಟ್ಟೆ ಹಿಡಿದು ಬಂದ. ಯಶವಂತಪುರದವರೆಗೆ ಬಸ್ಸು, ಅಲ್ಲಿಂದ ನಡಿಗೆ. ಹುಳು ಏಳುವ ದಿನಕ್ಕೆ ಸರಿಯಾಗಿ ಎಳೆ ಹಿಪ್ಪುನೇರಳೆ ಸೊಪ್ಪು ಬರುವ ಹಾಗೆ ಎಣಿಸಿ ತೋಟ ಕತ್ತರಿಸಿದ್ದನಂತೆ. ಮುಂದಿನ ಸರದಿಗೆ ಬಾ ಎಂದು ಹೇಳುವ ಕೆಲಸ ಮುನಿವೆಂಕಟಯ್ಯನ ಪಾಲಿಗೆ ಬಂತು. ಲಕ್ಕಣ್ಣ ಜಗಳ ಆಡಲಿಲ್ಲ. ಸೊಪ್ಪು ಕಾಯಲ್ಲ ಕಣ್ರಪ್ಪ ಎಂದು ಹೇಳಿ, ನಲ್ಲಿಯಲ್ಲಿ ನೀರು ಕುಡಿದು, ಯಾವಳೋ ಮುದುಕಿ ಮಾಡಿದ್ದಂತೆ ಎಂದು ಕೇಳಿದ. ಅಷ್ಟರಲ್ಲಾಗಲೇ ಸುದ್ದಿ ಹೊರಗೆ ಹೋಗಿತ್ತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಬಿಸಿಲು ಜಾಸ್ತಿ, ನೆರಳಲ್ಲಿ ಕೂತು ಹೋಗಿ ಎಂದ.

ಮನೆಗೆ ಬಂದಾಗ ಕೃಷ್ಣಮ್ಮ ನಡುಮನೆಯಲ್ಲಿ ಎಡಮಗ್ಗುಲಾಗಿ ಮಲಗಿದ್ದಳು. ಮಗು ಒದೀತಿದೆ, ಬನ್ನಿ ಕೈಯಿಟ್ಟು ನೋಡಿ ಎಂದಳು. ಇಟ್ಟ. ಅಂಗೈ ಕೆಳಗೆ ಏನೋ ಹೊರಳಿತು. ಅವನು ಕೈ ಹಿಂದಕ್ಕೆಳೆದುಕೊಂಡುಬಿಟ್ಟ. ಕೃಷ್ಣಮ್ಮ ಮಾತುಗಾತಿ, ನೀರು ಸೇದುವ ಕಡೆ ನಾಲ್ಕು ಜನರನ್ನು ಗೆದ್ದು ಬರುವವಳು. ಪಾಠದ ಪ್ರಕಾರ ಮಗು ಅವಳ ಹಾಗೆಯೇ ಆಗಬೇಕು. ಹಾಗಿದ್ದರೆ ತಾನು ಕೊಟ್ಟದ್ದು ಎಲ್ಲಿ ಕೂತಿರುತ್ತದೆ? ಹೆಣ್ಣಾದರೆ ಅವಳೊಳಗೆ ಸದ್ದಿಲ್ಲದೆ ಬೆಳೆದು, ಅವಳ ಮಕ್ಕಳ ಬಾಯಲ್ಲಿ ಬಂದು ಮಲಗುತ್ತದೆ. ತಾನು ಸತ್ತು ಎಷ್ಟೋ ವರ್ಷದ ಮೇಲೆ ಯಾವುದೋ ಮಗು, ತಪ್ಪು ತನ್ನದೆಂದು ಗೊತ್ತಿದ್ದೂ ಕ್ಯಾಲೆಂಡರಿನ ಕಡೆ ಮುಖ ಮಾಡಿಕೊಂಡು ನಿಂತಿರುತ್ತದೆ. ಹುಳುವಿನ ಪಾಠ ಹುಳುವಿಗೆ ಎಂದು ತಲೆ ಕೊಡವಿದ, ಹೋಗಲಿಲ್ಲ. ಯಾಕೆ ಬೆವರ್ತಿದೀರಿ ಎಂದು ಕೃಷ್ಣಮ್ಮ ಕೇಳಿದಳು. ಸೆಕೆ ಎಂದು ಹೇಳಿ ಹಿತ್ತಲಿಗೆ ಹೋದ.

ಕೊಟ್ಟಿಗೆಯಲ್ಲಿ ಅಮ್ಮ ಹಾಲು ಕರೆಯುತ್ತಿದ್ದಳು. ಅವನು ಗೋಡೆಗೊರಗಿ ಕುಕ್ಕುರುಗಾಲಲ್ಲಿ ಕೂತ. ಯಾಕೆ ಹೇಳಿದನೋ, ಬಹುಶಃ ಅವಳು ಏನೂ ಅನ್ನುವುದಿಲ್ಲ ಎಂಬ ಧೈರ್ಯಕ್ಕೆ, ಇರುವೆಯಿಂದ ಹಿಡಿದು ಕ್ಯಾಲೆಂಡರಿನವರೆಗೆ ಎಲ್ಲ ಹೇಳಿದ. ಹೆಂಡತಿಗೆ ಹೇಳಿದ್ದರೆ ಈಗಲೇ ಎದ್ದು ಹೋಗಿ ಹೇಳಿ ಬನ್ನಿ ಎಂದು ಅಂಗಿ ತಂದುಕೊಡುತ್ತಿದ್ದಳು. ಅಮ್ಮನ ಕೈ ಒಂದು ಸಲವೂ ನಿಲ್ಲಲಿಲ್ಲ, ತಂಬಿಗೆಯಲ್ಲಿ ಹಾಲಿನ ಸದ್ದು ಒಂದೇ ಸಮ ಬೀಳುತ್ತಿತ್ತು. ಮುಗಿದ ಮೇಲೆ ಕರುವನ್ನು ಬಿಟ್ಟು, ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ನೋಡಿದೆಯಾ ಎಂದು ತನಗೆ ತಾನೇ ಹೇಳಿಕೊಂಡ. ಇವಳಿಂದ ಬಂದದ್ದು, ಇದಕ್ಕೆ ಮದ್ದಿಲ್ಲ. ಅಮ್ಮನ ಮೇಲೆ ಅವನಿಗೆ ಅವತ್ತು ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಾಹೇಬರ ಕೋಣೆಯಲ್ಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿದ್ದರು. ಒಬ್ಬೊಬ್ಬಳೂ ನಂಗೆ ಗೊತ್ತಿಲ್ಲ ಎಂದಳು. ಸೋಮವಾರ ಅವನು ಸೊಣ್ಣಮ್ಮನನ್ನು ಗದರಿದ್ದನ್ನು ಹತ್ತು ಜನ ಕೇಳಿದ್ದರು, ಒಬ್ಬಳೂ ಅದನ್ನು ಹೇಳಲಿಲ್ಲ. ಅಸಿಸ್ಟೆಂಟರನ್ನು ಎದುರು ಹಾಕಿಕೊಂಡು ಬದುಕುವುದುಂಟೇ. ಸೊಣ್ಣಮ್ಮನ ಸರದಿ ಬಂದಾಗ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಾ, ನನ್ ಕಣ್ಣು ಚೆನ್ನಾಗವೆ ಸಾಮಿ, ಬೇಕಾದ್ರೆ ಈಗ್ಲೇ ನೂರು ತಂದು ಮುಂದಿಕ್ಕಿ, ಒಂದು ತಪ್ಪಿದ್ರೂ ಕೇಳಿ ಎಂದಳು. ಅದೆಲ್ಲ ಬೇಡಮ್ಮ, ಆಗಿದ್ದು ಆಯ್ತು, ಇಲ್ಲಿ ಹೆಬ್ಬೆಟ್ಟು ಒತ್ತು ಎಂದು ಸಾಹೇಬರು ಮಸಿಯ ಪೆಟ್ಟಿಗೆ ಮುಂದಕ್ಕೆ ಸರಿಸಿದರು. ಅವಳ ಹೆಬ್ಬೆರಳು ಮಸಿಯ ಮೇಲೆ ಇಳಿಯುವುದನ್ನು ಮುನಿವೆಂಕಟಯ್ಯ ನೋಡಿದ. ಹದಿಮೂರು ವರ್ಷ ಕೋಶ ಹಿಡಿದು ಹಿಡಿದು ಆ ಬೆರಳಿನ ತುದಿ ಚಪ್ಪಟೆಯಾಗಿತ್ತು. ಎಲ್ಲಿಂದಲೋ ಇನ್ನೊಬ್ಬರ ಗಂಟಲಿನಿಂದ ಎಂಬಂತೆ ಒಂದು ದನಿ ಹೊರಟಿತು.

"ಸಾರ್, ತಪ್ಪು ಸೊಣ್ಣಮ್ಮಂದಲ್ಲ. ನಂದು."

ಸಾಹೇಬರು ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. ಆಮೇಲೆ, ಅಯ್ಯೋ ದೇವರೇ, ಅವರ ಮುಖದ ಮೇಲೆ ಒಂದು ನಗು ಹರಡಿತು, ಮಗ ಒಳ್ಳೆ ಮಾರ್ಕು ತಂದಾಗ ಅಪ್ಪಂದಿರು ನಗುವ ನಗು. ಅವನಿಗೆ ಈ ಕೆಲಸ ಕೊಡಿಸಿದವರು ಅವರೇ, ಹಳ್ಳಿಯ ಹುಡುಗ, ಬುದ್ಧಿವಂತ ಎಂದು ನಾಲ್ಕು ಕಡೆ ಹೇಳಿಕೊಂಡು ತಿರುಗಿದವರು.

"ನಿಮ್ಮ ಮನಸ್ಸು ನಂಗೊತ್ತು ಕಣ್ರೀ. ಮನೇಲಿ ಬೇರೆ ಬಸುರಿ ಹೆಂಗಸು, ಪಾಪ ಅನ್ಸುತ್ತೆ. ಆದ್ರೆ ಇಂಥಾ ತಪ್ಪು ಓದಿದೋರು ಮಾಡಲ್ಲ. ಬಿಡಿ."

ಅವನ ಬಾಯಿ ಇನ್ನೂ ತೆರೆದೇ ಇತ್ತು. ಇರುವೆ, ಚೀಟಿ, ಮಂಗಳವಾರದ ಮಧ್ಯಾಹ್ನ, ಎಲ್ಲವೂ ಗಂಟಲಲ್ಲಿ ಸಾಲಾಗಿ ನಿಂತಿದ್ದವು. ಹೇಳಿದ್ದೇನಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗೆ ಒಂದು ಮಾತು ಎದ್ದಿತು, ಅದರ ಹಿಂದೆಯೇ ಮೈಯೆಲ್ಲ ಸಡಿಲವಾಗುವಂಥ ಒಂದು ಸುಖ ಹರಿಯಿತು. ಆ ಸುಖಕ್ಕೇ ಅವನಿಗೆ ಭಯವಾಯಿತು. ಆದರೂ ಬಾಯಿ ಮುಚ್ಚಿಕೊಂಡಿತು. ಸೊಣ್ಣಮ್ಮ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ಬಾಗಿಲ ಬಳಿ ಬಂದಾಗ ಅವನ ಮುಂದೆ ಒಂದು ಗಳಿಗೆ ನಿಂತಳು. ಅಷ್ಟಾದ್ರೂ ಅಂದ್ರಲ್ಲ ಬಿಡಿ ಸಾಮಿ ಎಂದಳು. ಅವಳ ಊಟದ ಗಂಟು ಇನ್ನೂ ಬಿಚ್ಚಿರಲಿಲ್ಲ, ಅದನ್ನು ಹಾಗೇ ಕಂಕುಳಿಗೆ ಸಿಕ್ಕಿಸಿಕೊಂಡು ರಸ್ತೆಯ ಕಡೆ ನಡೆದಳು.

ಸಂಜೆ ಅವನು ಕೆರೆ ಏರಿಯ ಮೇಲೆ ಸೈಕಲ್ ತಳ್ಳಿಕೊಂಡೇ ನಡೆದ, ತುಳಿಯಲು ಕಾಲು ಬರಲಿಲ್ಲ. ಅಷ್ಟಾದ್ರೂ. ಅಷ್ಟು ಎಂದರೆ ಎಷ್ಟು? ನಾಲ್ಕು ಪದ, ಐದು ಪದ. ಮನೆಯ ಹಿತ್ತಲಲ್ಲಿ ಅಮ್ಮ ಹಸುವಿನ ಮುಂದೆ ಹುಲ್ಲು ಹಾಕುತ್ತಿದ್ದಳು. ಅವನು ಕೈಕಾಲು ತೊಳೆಯಲು ಬಾನಿಯ ಹತ್ತಿರ ಬಗ್ಗಿದಾಗ, ಯೋಳ್ದಾ ಎಂಬ ಮಾತು ಕಿವಿಗೆ ಬಿತ್ತು. ಹಸುವಿಗೆ ಅಂದಿರಬೇಕು ಎಂದುಕೊಂಡ. ಅಮ್ಮ ಅವನನ್ನೇ ನೋಡುತ್ತಿದ್ದಳು. ತಾನಾಗಿ ಅವಳು ಅವನನ್ನು ಏನನ್ನಾದರೂ ಕೇಳಿದ್ದು ನೆನಪೇ ಇರಲಿಲ್ಲ. ಹೇಳಿದೆ, ನಂಬಲಿಲ್ಲ, ಅವಳನ್ನು ಕಳಿಸಿಬಿಟ್ಟರು ಎಂದ.

"ಎಷ್ಟ್ ಕಿತ ಯೋಳ್ದೆ?"

"ಒಂದ್ ಸಲ."

ಅಮ್ಮ ಕೈಗೆ ಅಂಟಿದ ಹುಲ್ಲನ್ನು ಸೆರಗಿಗೆ ಒರೆಸಿಕೊಂಡಳು. ಮಾತು ಮುಗಿಯಿತು ಎಂದು ಅವನು ಚೊಂಬು ಎತ್ತಿಕೊಂಡ.

"ನಾನೂ ಒಂದ್ ಕಿತ ಯೋಳಿದ್ದೆ ಕಣಪ್ಪ, ನಮ್ಮಪ್ಪನ್ ತಾವ. ನಿಮ್ಮಪ್ಪ ದಿನಾ ಒಡೀತಾನೆ, ನಾನ್ ಅಲ್ಲಿ ಬಾಳಕಿಲ್ಲ ಅಂತ. ಬೆನ್ನೂ ತೋರ್ಸ್ದೆ. ಚಿಕ್ಕಬೈರಪ್ಪ ಅಂದ್ರೆ ದೊಡ್ಡ ಮನ್ಸ, ನಾಲ್ಕೂರಿಗೆ ನ್ಯಾಯ ಯೋಳೋನು, ಅವ್ನು ಒಡೀತಾನಾ, ಎಲ್ಲೋ ಬಿದ್ದಿರ್ಬೇಕು ನೀನು ಅಂದ. ವಾಪಸ್ ಕಳಿಸ್ದ. ಅವತ್ತಿಂದ ನಂಗೆ ಮಾತೇ ಬ್ಯಾಡ ಅನ್ಸೋಯ್ತು." ಅವಳು ಹಸುವಿನ ಕೊರಳು ಕೆರೆಯುತ್ತಾ ನಿಂತಳು. "ಇನ್ನೊಂದ್ ಕಿತ ಯೋಳ್ಬೇಕಾಗಿತ್ತು. ಯೋಳ್ಲಿಲ್ಲ."

ಚೊಂಬಿನಿಂದ ನೀರು ಸುರಿದು ಕಾಲ ಮೇಲೆ ಬೀಳುತ್ತಿರುವುದು ಅವನಿಗೆ ತಿಳಿಯಲಿಲ್ಲ. ಅಪ್ಪ. ಜಗಲಿಯ ಮೇಲೆ ಕೂತು ಇನ್ನೊಬ್ಬರ ಮನೆಯ ಹೆಣ್ಣುಮಕ್ಕಳಿಗೆ ನ್ಯಾಯ ಕೊಡಿಸುತ್ತಿದ್ದ ಅಪ್ಪ. ಮೂಗಿಯ ಮಗ, ಮೂಗಿಯ ರಕ್ತ ಎಂದು ಇಷ್ಟು ವರ್ಷ ಅವನು ಅಮ್ಮನ ಮೇಲೆ ಹೊರಿಸಿಕೊಂಡು ಬಂದದ್ದೆಲ್ಲ ಒಂದೇ ಏಟಿಗೆ ಜಾರಿತು, ಜಾರಿದ್ದರಿಂದ ಹಗುರವಾಗಲಿಲ್ಲ, ಹೊದ್ದುಕೊಂಡಿದ್ದ ಕಂಬಳಿಯನ್ನು ಯಾರೋ ಕಿತ್ತುಕೊಂಡಂತಾಯಿತು. ಅಮ್ಮನ ಬಾಯಿಯನ್ನು ಯಾರೋ ಕಟ್ಟಿದ್ದರು. ತನ್ನ ಬಾಯಿ ಕಟ್ಟಿದವರು ಯಾರು? ತನ್ನ ಬೆನ್ನ ಮೇಲೆ ಒಂದು ಬಾಸುಂಡೆಯೂ ಇರಲಿಲ್ಲ. ಅವನು ಅಮ್ಮನಿಗೆ ಏನಾದರೂ ಹೇಳಬೇಕೆಂದು ನೋಡಿದ. ಅವಳು ಆಗಲೇ ಸಗಣಿ ಬಾಚಲು ಬಗ್ಗಿದ್ದಳು.

ಗಂಗಾನಗರದ ಸಾಹೇಬರ ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ದಾರಿಯುದ್ದಕ್ಕೂ ಅವನು ವಾಪಸ್ಸು ತಿರುಗಿಬಿಡುವ ಕಾರಣಗಳನ್ನು ಹುಡುಕಿದ್ದ. ಮನೆಯಲ್ಲಿ ಬಸುರಿ, ಹುಟ್ಟುವ ಮಗು, ಇನ್ನೆಲ್ಲಿ ಕೆಲಸ ಸಿಗುತ್ತೆ, ಊರಲ್ಲಿ ಮುಖ ಹೇಗೆ ತೋರಿಸುವುದು. ಎಲ್ಲವೂ ಒಳ್ಳೆಯ ಕಾರಣಗಳೇ. ಸಾಹೇಬರು ಬನಿಯನ್ನಿನಲ್ಲಿ ವೆರಾಂಡದ ಬೆತ್ತದ ಕುರ್ಚಿಯ ಮೇಲೆ ಪೇಪರು ಓದುತ್ತಾ ಕೂತಿದ್ದರು. ಏನ್ರೀ ಇಷ್ಟು ದೂರ, ಮನೆಯಲ್ಲಿ ಎಲ್ಲ ಸರಿಯಾಗಿದ್ದಾರಾ ಎಂದು ಗಾಬರಿಯಿಂದ ಎದ್ದರು. ಒಳಗೆ ತಿರುಗಿ ಕಾಫಿ ಎಂದು ಕೂಗಿದರು. ಕೂತುಕೊಳ್ಳಿ ಎಂದರು. ಅವನು ಕೂರಲಿಲ್ಲ.

"ಬೆಳಿಗ್ಗೆ ಹೇಳಿದ್ದನ್ನೇ ಇನ್ನೊಂದ್ ಸಲ ಹೇಳಕ್ಕೆ ಬಂದೆ ಸಾರ್."

ಅದೇ ನಗು ಅವರ ಮುಖದ ಮೇಲೆ ಬರತೊಡಗಿತು, ಅದಕ್ಕೆ ದಾರಿ ಕೊಡದೆ ಅವನು ಹೇಳುತ್ತಾ ಹೋದ. ಇರುವೆ ಹತ್ತಿದ್ದು, ಚೀಟಿ ಕಿತ್ತಿದ್ದು, ಯಾವ ಸ್ಟ್ಯಾಂಡಿನಿಂದ ಯಾವ ಸ್ಟ್ಯಾಂಡಿಗೆ ಸಾಗಿಸಿದ್ದು. ಸೊಣ್ಣಮ್ಮ ಚಿಟ್ಟೆಯನ್ನು ಅಂಗೈಯಲ್ಲಿ ತೂಗಿ ಇದು ಬಿಳಿಯದು ಎಂದದ್ದು, ಓದಲು ಬರುವವರು ಯಾರು ಎಂದು ತಾನು ಗದರಿದ್ದು, ಹತ್ತು ಜನ ಅದನ್ನು ಕೇಳಿದ್ದು. ದನಿ ಒಡೆಯಿತು, ತಡವರಿಸಿತು, ಒಂದೆರಡು ಕಡೆ ಹೇಳಿದ್ದನ್ನೇ ಹೇಳಿದ, ಆದರೆ ನಿಲ್ಲಿಸಲಿಲ್ಲ. ಸೋಮವಾರ ಸಂಜೆಯೇ ಗೊತ್ತಾಗಿತ್ತು ಎನ್ನುವಲ್ಲಿಗೆ ಬಂದಾಗ ಸಾಹೇಬರ ಕೈಯಲ್ಲಿದ್ದ ಪೇಪರು ಕೆಳಗೆ ಇಳಿಯಿತು.

"ಸೋಮವಾರ ಸಂಜೇನಾ? ಆಸಿಡ್‌ಗೆ ಇನ್ನೂ ಟೈಮಿತ್ತಲ್ಲ?"

"ಇತ್ತು ಸಾರ್. ಮಂಗಳವಾರ ಮಧ್ಯಾಹ್ನದವರೆಗೂ ಇತ್ತು. ನಾನು ಜಾಡಿ ಪಕ್ಕದಲ್ಲೇ ಕೂತಿದ್ದೆ."

ಸಾಹೇಬರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಕಾಫಿ ಹಿಡಿದು ಬಾಗಿಲಿಗೆ ಬಂದ ಅವರ ಹೆಂಡತಿಗೆ, ಬೇಡ, ಒಳಗೆ ತೊಗೊಂಡು ಹೋಗು ಎಂದು ತಿರುಗದೆಯೇ ಹೇಳಿದರು. ನಗು ಎಲ್ಲೂ ಇರಲಿಲ್ಲ. ಈ ಸಲ ಅವರು ನಂಬಿದ್ದರು. ಅವರು ನಂಬಿದರು ಎಂದು ಖಾತ್ರಿಯಾದ ಮೇಲೆಯೇ ಮುನಿವೆಂಕಟಯ್ಯನಿಗೆ ನಿಜವಾದ ಹೆದರಿಕೆ ಶುರುವಾಯಿತು. ಆದರೂ ನಾಲಿಗೆ ಕಟ್ಟಲಿಲ್ಲ. ನಾಳೆ ಬೆಳಿಗ್ಗೆ ಆ ಹೆಂಗಸರ ಮುಂದೆಯೂ ಇದನ್ನೇ ಹೇಳುತ್ತೀರಾ ಎಂದು ಸಾಹೇಬರು ಕೇಳಿದರು. ಅವನು ಹೇಳುತ್ತೇನೆ ಎಂದ.